ಓಗೊಡುವಷ್ಟು ಹೊತ್ತು

ಭತ್ತದ ಗದ್ದೆಯಲ್ಲಿ ಹಗಲಿಡೀ ನಡೆಯುವ ಮಾತುಕತೆ ಮನುಷ್ಯರ ಕಿವಿಗೆ ಬೀಳುವುದಿಲ್ಲ. ಅದು ಗಾಳಿಯಲ್ಲಿ ಹೋಗುವುದೇ ಇಲ್ಲ, ಪೈರಿನ ಕಾಂಡದಲ್ಲಿ ಹೋಗುತ್ತದೆ. ಅಕ್ಕಿನುಚ್ಚಿನಷ್ಟು ಗಾತ್ರದ ಗಂಡು ಕಂದು ಜಿಗಿಹುಳು ಕಾಂಡಕ್ಕೆ ಅಂಟಿ ಕೂತು ಹೊಟ್ಟೆ ನಡುಗಿಸುತ್ತದೆ. ಆ ನಡುಕ ಬುಡಕ್ಕಿಳಿದು, ತಾಗಿಕೊಂಡ ಪಕ್ಕದ ಪೈರಿಗೆ ದಾಟಿ, ಅಲ್ಲಿ ಕೂತ ಹೆಣ್ಣಿನ ಕಾಲಿಗೆ ತಲುಪುತ್ತದೆ. ಹೆಣ್ಣಿಗೆ ಒಪ್ಪಿಗೆಯಾದರೆ ತಾನೂ ಹೊಟ್ಟೆ ನಡುಗಿಸಿ ಉತ್ತರ ಕೊಡುತ್ತದೆ, ಗಂಡು ಆ ಉತ್ತರದ ಜಾಡು ಹಿಡಿದು ಬರುತ್ತದೆ. ತಿಂಗಳೊಳಗೆ ಅವುಗಳ ನೂರಾರು ಮರಿಗಳು ಪೈರಿನ ರಸ ಹೀರಿ, ಹಸಿರು ಗದ್ದೆಯ ನಡುವೆ ಬೆಂಕಿ ಬಿದ್ದಂತೆ ದುಂಡನೆಯ ಒಣ ಮಚ್ಚೆ ಎಬ್ಬಿಸುತ್ತವೆ.

ಈ ಮಾತುಕತೆಯ ನಡುವೆ ನಾವು ಬಾಯಿ ಹಾಕಿದರೆ ಏನಾದೀತು? ನನ್ನ ಕೆಲಸ ಶುರುವಾದದ್ದು ಆ ಪ್ರಶ್ನೆಯಿಂದ. ನಡುವೆ ಬಾಯಿ ಹಾಕುವುದು ನನಗೆ ಹುಟ್ಟುಗುಣ. ಮಳವಳ್ಳಿಯ ನಮ್ಮ ಮನೆಯಲ್ಲಿ ಏಳು ಜನ ಒಟ್ಟಿಗೇ ಮಾತಾಡುತ್ತಿದ್ದೆವು, ಯಾರ ದನಿ ಜೋರೋ ಅವರ ಮಾತು ನಿಲ್ಲುತ್ತಿತ್ತು. ಸರ್ವಮಂಗಳೆ ತಾನೇ ಪ್ರಶ್ನೆ ಕೇಳಿ ತಾನೇ ಉತ್ತರ ಹೇಳಿ ಎದ್ದು ಹೋಗುತ್ತಾಳೆ ಎಂದು ಕಾಲೇಜಿನಲ್ಲಿ ಗೆಳತಿಯರು ಆಡಿಕೊಳ್ಳುತ್ತಿದ್ದರು. ಅದನ್ನು ನಾನು ಹೊಗಳಿಕೆಯೆಂದೇ ತಿಳಿದಿದ್ದೆ.

ಹೀಗೆ ಹುಟ್ಟಿದ್ದು ನನ್ನ ಗೂಟ. ಮೊಣಕಾಲುದ್ದದ ಕೊಳವೆ, ತಲೆಯ ಮೇಲೆ ಅಂಗೈಯಗಲದ ಸೌರಫಲಕ, ಒಳಗೆ ನಡುಗುವ ಒಂದು ಬಿಲ್ಲೆ. ಬಿಲ್ಲೆಯಿಂದ ಹೊರಟ ನಾಲ್ಕು ತೆಳು ತಂತಿಗಳನ್ನು ನಾಲ್ಕು ದಿಕ್ಕಿನ ಪೈರಿನ ಬುಡಗಳಿಗೆ ಕಟ್ಟುತ್ತೇವೆ. ನಿಮಿಷಕ್ಕೊಮ್ಮೆ ಗೂಟ ಗಂಡು ಜಿಗಿಯ ಹಾಡು ಹಾಡುತ್ತದೆ, ಒಂಬತ್ತು ನಡುಕ. ಸುತ್ತಲಿನ ಹೆಣ್ಣುಗಳು ಅದಕ್ಕೇ ಉತ್ತರ ಕೊಡುತ್ತ, ಎಂದೂ ಬಾರದ ಗಂಡಿಗೆ ಕಾಯುತ್ತ, ಮೊಟ್ಟೆಯಿಡದೆ ಮುದಿಯಾಗುತ್ತವೆ. ವಿಷವಿಲ್ಲ, ವಾಸನೆಯಿಲ್ಲ. ಕಿವಿ ತಾಗಿಸಿದರೆ ಒಳಗಿಂದ ಗುಂಯ್ ಎಂದು ಕೇಳುವುದರಿಂದ ರೈತರು ಅದಕ್ಕೆ ಗುಂಯ್‌ಗೂಟ ಎಂದು ಹೆಸರಿಟ್ಟರು. ನಾನಿಟ್ಟ ಉದ್ದನೆಯ ಹೆಸರು ಕಡತದಲ್ಲೇ ಉಳಿಯಿತು.

ತುಂಗಭದ್ರೆಯ ಎಡದಂಡೆ ಕಾಲುವೆಯ ಬುಡದಲ್ಲಿರುವ ತೂಬಿನ ಕ್ಯಾಂಪು ಎಂಬ ಊರಿನಲ್ಲಿ ಎರಡು ವರ್ಷ ಈ ಗೂಟಗಳೇ ರಾಜ್ಯವಾಳಿದವು. ಜಿಗಿ ಕಾಣಲಿಲ್ಲ, ಔಷಧಿ ಹೊಡೆಯುವ ಪಂಪುಗಳು ಅಟ್ಟ ಸೇರಿದವು, ಕಾಲುವೆಯ ಏಡಿಗಳು ಮತ್ತೆ ಗದ್ದೆಗೆ ಬಂದವು. ನಾನು ಬಾಡಿಗೆಗಿದ್ದದ್ದು ಅಲ್ಲೇ, ಹುಲಿಗೆವ್ವನ ಮನೆಯ ಮಾಳಿಗೆ ಕೋಣೆಯಲ್ಲಿ. ಹುಲಿಗೆವ್ವ ಹದಿನಾಲ್ಕು ಹೆಂಗಸರ ಕೂಲಿ ಗುಂಪಿನ ಮುಖ್ಯಸ್ಥೆ. ಅವಳ ಗಂಡ ಯಂಕೋಬ ಇಪ್ಪತ್ತೆರಡು ವರ್ಷ ಬೆನ್ನಿಗೆ ಪಂಪು ಹೊತ್ತು ಔಷಧಿ ಹೊಡೆದವನು. ಒಮ್ಮೆ ಗದ್ದೆಯಲ್ಲೇ ಬಿದ್ದು, ಎಂಟು ದಿನ ಆಸ್ಪತ್ರೆಯಲ್ಲಿದ್ದು ಬಂದ ಮೇಲೆ ಅವನ ಎಡಗೈ ನಡುಗುತ್ತದೆ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಒಗ್ಗರಣೆ ಸೀದರೂ ಅವನ ಮೂಗಿಗೆ ತಿಳಿಯುವುದಿಲ್ಲ. ಇನ್ನೊಂದು ಹಂಗಾಮು ಪಂಪು ಹೊತ್ತರೆ ಆಮೇಲೆ ನನ್ನ ಬಳಿ ಕರೆತರಬೇಡಿ ಎಂದು ಡಾಕ್ಟರು ಹುಲಿಗೆವ್ವನಿಗೆ ಹೇಳಿದ್ದರು. ಗೂಟ ಬಂದ ಮೇಲೆ ಅವನಿಗೆ ಗೂಟ ನೆಡುವ, ಒರೆಸುವ, ಕಾಯುವ ಕೆಲಸ ಸಿಕ್ಕಿತು. ಸಾವಿರದ ನೂರು ಗೂಟಗಳಲ್ಲಿ ಯಾವುದು ಯಾವ ಬದುವಿನ ಬಳಿ ಇದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲವನು ಅವನೊಬ್ಬನೇ. ಮಾತು ಮಾತ್ರ ಬಹಳ ಕಡಿಮೆ. ಅವನ ಪಾಲಿನದನ್ನೂ ನಾನೇ ಆಡುತ್ತಿದ್ದೆ.

ಹುಲಿಗೆವ್ವನ ಗುಂಪು ಹೊರಡುವ ರೀತಿಯನ್ನು ಹೇಳಲೇಬೇಕು, ಈ ಕಥೆ ನಿಂತಿರುವುದೇ ಅದರ ಮೇಲೆ. ಬೆಳಕು ಹರಿಯುವ ಹೊತ್ತಿಗೆ ಅವಳು ಓಣಿಯ ಬಾಯಲ್ಲಿ ನಿಂತು "ಏ ಯವ್ವಾ" ಎಂದು ಒಂದೇ ಸಲ ಕೂಗುತ್ತಾಳೆ. ಆಮೇಲೆ ಸುಮ್ಮನಾಗುತ್ತಾಳೆ. ಒಂದು ಮನೆಯಿಂದ "ಓ" ಬರುತ್ತದೆ, ಹಿತ್ತಲಿಂದ ಇನ್ನೊಂದು "ಓ", ಬಚ್ಚಲಿಂದ ಮತ್ತೊಂದು. ಹದಿನಾಲ್ಕು ಓ ಆದ ಮೇಲೆಯೇ ಟಂಟಂ ಗಾಡಿ ಹೊರಡುವುದು. ಯಾರು ಬರುತ್ತಾರೆ, ಯಾರಿಗೆ ಮೈ ಸರಿಯಿಲ್ಲ, ಯಾರ ಮನೆಯಲ್ಲಿ ಬೆಳಿಗ್ಗೆಯೇ ಜಗಳವಾಗಿದೆ ಎಲ್ಲವೂ ಅವಳಿಗೆ ಆ ಓಗಳಲ್ಲೇ ತಿಳಿಯುತ್ತಿತ್ತು. ಅವಳು ಊರಿಗೆ ಹೋಗಿದ್ದ ಒಂದು ದಿನ ಆ ಕೆಲಸ ನನಗೆ ಬಂತು. ನಾನು ಹದಿನಾಲ್ಕು ಹೆಸರನ್ನೂ ಒಂದೇ ಉಸಿರಿಗೆ ಕೂಗಿ, ಎಲ್ಲರಿಗೂ ಕೇಳಿಸಿತು ಎಂದು ತೀರ್ಮಾನಿಸಿ, ಗಾಡಿ ಹೊರಡಿಸಿಬಿಟ್ಟೆ. ನಾಲ್ವರು ಓಣಿಯಲ್ಲೇ ಉಳಿದರು. ಅದನ್ನು ನೆನೆಸಿ ಆ ಹೆಂಗಸರು ವರ್ಷವಿಡೀ ನಕ್ಕರು.

ಮೂರನೇ ವರ್ಷದ ಹಿಂಗಾರಿನಲ್ಲಿ ಕಾಲುವೆ ಬುಡದ ಹೊಲಗಳಲ್ಲಿ ದುಂಡು ಮಚ್ಚೆಗಳು ಎದ್ದವು. ಮೊದಲು ಎರಡು, ವಾರದಲ್ಲಿ ಮೂವತ್ತು. ಗೂಟಗಳು ಕೆಟ್ಟಿರಬೇಕೆಂದು ಓಡಿದೆ. ಎಲ್ಲವೂ ತಪ್ಪದೆ ಹಾಡುತ್ತಿದ್ದವು. ಹಾಡುವ ಗೂಟದ ತಂತಿ ಕಟ್ಟಿದ ಬುಡದಲ್ಲೇ ಜಿಗಿ ಮುತ್ತಿಕೊಂಡಿದ್ದವು.

ನೀರು ಬಳಕೆದಾರರ ಸಂಘದ ಅಧ್ಯಕ್ಷ ಪಂಪಾಪತಿಯವರು ಸಭೆ ಕರೆದರು. ನನ್ನನ್ನು ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಹತ್ತು ದಿನ ನೋಡುವುದು, ಆಮೇಲೆ ಗೂಟ ಕಿತ್ತು ಎಲ್ಲ ಹೊಲಕ್ಕೂ ಒಟ್ಟಿಗೇ ಔಷಧಿ ಹೊಡೆಯುವುದು ಎಂದು ತೀರ್ಮಾನವಾಯಿತು. ಅಂದು ಸಂಜೆ ನಾನು ಮನೆಗೆ ಬಂದಾಗ ಯಂಕೋಬ ಅಟ್ಟದಿಂದ ಪಂಪು ಇಳಿಸಿ, ಅಂಗಳದಲ್ಲಿ ಅದರ ತೊಟ್ಟಿ ತೊಳೆಯುತ್ತಿದ್ದ. ಹುಲಿಗೆವ್ವ ಗಂಡನಿಗೆ ಬೆನ್ನು ತಿರುಗಿಸಿ ಕೂತು ಅಕ್ಕಿ ಆರಿಸುತ್ತಿದ್ದಳು.

ನಮ್ಮ ಪ್ರಯೋಗಾಲಯ ಕ್ಯಾಂಪಿನಾಚೆಯ ಹಳೆಯ ಅಕ್ಕಿ ಗಿರಣಿಯ ಗೋದಾಮು. ಅಲ್ಲಿ ಯಂತ್ರಗಳನ್ನೆಲ್ಲ ನೋಡಿಕೊಳ್ಳುವವನು ಮೌಲಾಹುಸೇನ, ಸಿಂಧನೂರಿನವನು. ಗೂಟದೊಳಗಿನ ಬಿಲ್ಲೆ ಕೂರಿಸಿದ್ದೂ ಅವನೇ, ಹಾಡು ತುಂಬಿಸಿದ್ದೂ ಅವನೇ. ಸಾವಧಾನದ ಮನುಷ್ಯ. ವಾಕ್ಯದ ಅರ್ಧಕ್ಕೆ ಬಂದು ಸರಿಯಾದ ಪದಕ್ಕಾಗಿ ನಿಲ್ಲುವ ಅಭ್ಯಾಸ ಅವನಿಗೆ, ಅಷ್ಟರಲ್ಲಿ ಆ ವಾಕ್ಯ ಮುಗಿಸುವ ಅಭ್ಯಾಸ ನನಗೆ.

ಗೂಟ ಬರುವ ಮೊದಲು ಹಿಡಿದ ಜಿಗಿಗಳ ಸಂತತಿಯನ್ನು ನಾವು ಸೊಳ್ಳೆಬಲೆ ಹೊದಿಸಿದ ಬಲೆಮನೆಯಲ್ಲಿ ಸಾಕಿಕೊಂಡು ಬಂದಿದ್ದೆವು. ಮಚ್ಚೆ ಬಿದ್ದ ಗದ್ದೆಯಿಂದ ಹೊಸ ಜಿಗಿಗಳನ್ನು ತಂದು ಅವುಗಳ ಜೊತೆ ಬಿಟ್ಟೆವು. ಸಾಕಿದ ಗಂಡು, ಗದ್ದೆಯ ಹೆಣ್ಣು, ಹೀಗೆ ನಲವತ್ತು ಜೋಡಿ. ಗಂಡು ಹಾಡಿತು, ಹೆಣ್ಣು ಉತ್ತರ ಕೊಡಲಿಲ್ಲ. ಗಂಡು ಹತ್ತಿರ ಹೋಯಿತು, ಹೆಣ್ಣು ಹಿಂಗಾಲಿಂದ ಒದ್ದು ಕಾಂಡದ ಆಚೆ ಬದಿಗೆ ಸರಿಯಿತು. ನಲವತ್ತರಲ್ಲಿ ಕೂಡಿದ್ದು ಒಂದೇ ಜೋಡಿ. ಅದಲು ಬದಲು ಮಾಡಿದರೆ ಮೂರು. ಅವೇ ಜಿಗಿಗಳನ್ನು ತಮ್ಮತಮ್ಮ ಬಳಗದವುಗಳ ಜೊತೆ ಬಿಟ್ಟಾಗ ತಕರಾರಿಲ್ಲದೆ ಕೂಡಿದವು.

ದೇಹದಲ್ಲೇ ಏನಾದರೂ ಬದಲಾಗಿದೆಯೇ ಎಂದು ನೋಡಲು ಒಂದು ಕುಚೇಷ್ಟೆ ಮಾಡಿದೆವು. ಗದ್ದೆಯ ಗಂಡೊಂದನ್ನು ಕಾಂಡದ ತುದಿಯಲ್ಲಿ ಪುಟ್ಟ ಜಾಲರಿಯೊಳಗೆ ಕೂಡಿಹಾಕಿ ಹಾಡಲು ಬಿಟ್ಟು, ಬುಡದಲ್ಲಿದ್ದ ಗದ್ದೆಯ ಹೆಣ್ಣಿನ ಬಳಿ ಸಾಕಿದ ಗಂಡನ್ನು ಇಳಿಸಿದೆವು. ಹಾಡಿದವನು ಒಬ್ಬ, ಮದುಮಗ ಇನ್ನೊಬ್ಬ. ಹೆಣ್ಣು ಒಪ್ಪಿತು. ಮೊಟ್ಟೆಗಳು ಒಡೆದು ಗಟ್ಟಿಮುಟ್ಟಾದ ಮರಿಗಳು ಬಂದವು. ಅಂದರೆ ಮೈಯಲ್ಲಿ ಯಾವ ಅಡ್ಡಿಯೂ ಇಲ್ಲ. ಅವುಗಳ ನಡುವೆ ಹೊಳೆಯಿಲ್ಲ, ಬೆಟ್ಟವಿಲ್ಲ. ಒಂದೇ ಕಾಂಡದ ರಸ ಕುಡಿಯುವ ಎರಡು ಕುಲಗಳು, ಪ್ರಣಯದ ಭಾಷೆ ಬೇರೆಯಾದ ಒಂದೇ ಕಾರಣಕ್ಕೆ ಬೇರೆಬೇರೆಯಾಗಿ ನಿಂತಿದ್ದವು. ನಮ್ಮ ಹಾಡಿಗೆ ಮರುಳಾದ ಹೆಣ್ಣುಗಳ ವಂಶ ಅಳಿಯಿತು. ಮರುಳಾಗದ ಯಾವುದೋ ಕೆಲವು ಹೆಣ್ಣುಗಳ ವಂಶ ಉಳಿದು, ಎರಡು ವರ್ಷದ ಇಪ್ಪತ್ತು ತಲೆಮಾರಿನಲ್ಲಿ ಗದ್ದೆ ತುಂಬಿಕೊಂಡಿತು. ಹೊಸ ಕುಲವನ್ನು ಹುಟ್ಟಿಸಿದ ಸೂಲಗಿತ್ತಿ ನನ್ನ ಗೂಟವೇ.

ಇಷ್ಟು ತಿಳಿದದ್ದು ಆರನೇ ದಿನ. ಉಳಿದದ್ದು ಒಂದೇ ಪ್ರಶ್ನೆ, ಹೊಸ ಹಾಡಿನಲ್ಲಿ ಬೇರೆಯಾದದ್ದು ಏನು? ಅದನ್ನು ಕಂಡುಹಿಡಿದರೆ ಗೂಟಕ್ಕೆ ಕಲಿಸಬಹುದು. ಎರಡೂ ಕುಲಗಳ ಹಾಡನ್ನು ಕಾಂಡದಿಂದ ಹಿಡಿದು, ಗಣಕದ ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟೆವು. ಒಂಬತ್ತು ನಡುಕ, ಒಂಬತ್ತು ನಡುಕ. ವೇಗ ಅದೇ, ಬಿಗಿ ಅದೇ, ಏರಿಳಿತ ಅದೇ. ಏಳನೇ ದಿನ, ಎಂಟನೇ ದಿನ ಅದನ್ನೇ ನೋಡಿದೆವು. ಕಣ್ಣು ಉರಿಯಿತೇ ಹೊರತು ವ್ಯತ್ಯಾಸ ಕಾಣಲಿಲ್ಲ. ಮೌಲಾ ಏನೋ ಹೇಳಲು ಬಾಯಿ ತೆರೆದ. ಅದನ್ನೂ ನೋಡಿಯಾಯಿತು ಬಿಡು ಎಂದು ನಾನೇ ಮುಗಿಸಿದೆ.

ಒಂಬತ್ತನೇ ದಿನ ಮಧ್ಯಾಹ್ನ ತಲೆ ಕೆಟ್ಟು ಗದ್ದೆಗೆ ಹೋದೆ. ಕಾಲುವೆ ಏರಿಯ ಮೇಲೆ ಹುಲಿಗೆವ್ವನ ಗುಂಪು ಬುತ್ತಿ ಬಿಚ್ಚಿತ್ತು. ಯಂಕೋಬನೂ ಅಲ್ಲಿದ್ದ. ಹುಲಿಗೆವ್ವ ನನಗೂ ಎರಡು ರೊಟ್ಟಿ, ಪುಂಡಿಪಲ್ಯ ಹಾಕಿದಳು. ನಾನು ತಿನ್ನುತ್ತಲೇ ಯಂಕೋಬನನ್ನು ಹಿಡಿದೆ. ಡಾಕ್ಟರು ಏನಂದಿದ್ದಾರೆ ನೆನಪಿದೆಯಾ, ನೆನಪಿದ್ದೇ ಇರುತ್ತದೆ. ನಾಡಿದ್ದು ಪಂಪು ಮುಟ್ಟಲ್ಲ ತಾನೆ, ಮುಟ್ಟಲ್ಲ ನೀನು, ನಂಗೊತ್ತು. ಹೀಗೆ ಎಲ್ಲವನ್ನೂ ನಾನೇ ಹೇಳಿ, ನಾನೇ ಸಮಾಧಾನ ಪಟ್ಟುಕೊಂಡು ನೀರಿಗೆ ಕೈ ಚಾಚಿದೆ.

ಹುಲಿಗೆವ್ವ ತಂಬಿಗೆ ಕೊಡಲಿಲ್ಲ.

"ಮೇಡಂರೀ, ನೀವು ಕೇಳ್ತೀರಿ, ಆಮ್ಯಾಗ ಉತ್ರಾನೂ ನೀವ ಹೇಳ್ತೀರಿ. ನಮ್ಮನಿಯವ್ರು ಹೇಳೂದು ಯಾವಾಗ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೆಂಗಸರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದರು. ಯಂಕೋಬನ ಕಡೆ ತಿರುಗಿ, ಪಂಪು ಹೊರುತ್ತೀಯಾ ಎಂದು ಕೇಳಿ, ಹಲ್ಲು ಕಚ್ಚಿ ಸುಮ್ಮನೆ ಕೂತೆ. ಜೀವಮಾನದಲ್ಲಿ ಅಷ್ಟು ಹೊತ್ತು ನಾನು ಯಾರ ಮುಂದೆಯೂ ಬಾಯಿ ಮುಚ್ಚಿ ಕೂತಿರಲಿಲ್ಲ. ಕಾಲುವೆಯಲ್ಲಿ ಒಂದು ತೆಂಗಿನ ಗರಿ ತೇಲಿ ಬಂದು, ನಮ್ಮನ್ನು ದಾಟಿ, ತೂಬಿನ ತನಕ ಹೋಯಿತು.

"ನನಗ ಅಂಜಿಕಿ ಐತ್ರಿ," ಎಂದ ಯಂಕೋಬ. ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದ. ನಾನು ಮತ್ತೂ ಕಾದೆ. "ನಾ ಹೋಗ್ಲಿಲ್ಲಂದ್ರ ಓಣಿ ಹುಡುಗ್ರು ಹೋಗ್ತಾರ. ಗಾಳಿ ಯಾಕಡಿಂದ ಬರತೈತಿ ಅಂತ ಅವ್ರಿಗೆ ಗೊತ್ತಿಲ್ಲ. ಎದುರಗಾಳಿಗೆ ಹೊಡದು ಸಾಯ್ತಾರ. ಅದಕ್ಕ ಹೊಕ್ಕೀನ್ರಿ."

ಮೂರು ವರ್ಷ ಅವನ ಮನೆಯ ಮಾಳಿಗೆಯಲ್ಲಿದ್ದೆ. ಅವನು ಹೆದರುತ್ತಾನೆಂಬುದೂ ನನಗೆ ಗೊತ್ತಿರಲಿಲ್ಲ, ಹೆದರಿಕೊಂಡೂ ಹೋಗುವವನು ಎಂಬುದೂ ಗೊತ್ತಿರಲಿಲ್ಲ. ಹುಲಿಗೆವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಆಚೆ ಬದುವಿನಲ್ಲಿ ಹಿಂದುಳಿದಿದ್ದ ಒಬ್ಬಳನ್ನು ಊಟಕ್ಕೆ ಕರೆಯಲು ಎದ್ದಳು. "ಏ ಯವ್ವಾ," ಎಂದು ಕೂಗಿ ಸುಮ್ಮನಾದಳು. ಗದ್ದೆಯಾಚೆಯಿಂದ "ಓ" ಬಂತು. ನನ್ನ ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಹುಲಿಗೆವ್ವನ ಕೂಗಿನಲ್ಲಿ ಅರ್ಧ ಕೂಗು, ಇನ್ನರ್ಧ ಅವಳು ಬಿಟ್ಟ ಬಿಡುವು. ಆ ಬಿಡುವನ್ನು ಕತ್ತರಿಸಿ ತೆಗೆದರೆ ಉಳಿಯುವುದು ನಾನು ಅಂದು ಓಣಿಯಲ್ಲಿ ಕೂಗಿದ ಕೂಗು.

ಎಂಜಲು ಕೈಯಲ್ಲೇ ಗೋದಾಮಿಗೆ ಓಡಿದೆ. ಮೊದಲ ವರ್ಷ ನಾವು ಇನ್ನೂರು ಗಂಡುಗಳ ಹಾಡು ಹಿಡಿದಿದ್ದೆವು. ಗೂಟದ ಪುಟ್ಟ ಸ್ಮರಣೆಯಲ್ಲಿ ಜಾಗ ಉಳಿಸಲು, ಸದ್ದಿಲ್ಲದ ಕಡೆಯನ್ನೆಲ್ಲ ತಾನಾಗಿಯೇ ಕತ್ತರಿಸಿ ಹಾಕುವ ಒಂದು ತಂತ್ರಾಂಶ ಬರೆದಿದ್ದೆ. ಈಗ ಹೊಸ ಹಾಡುಗಳನ್ನು ಪರದೆಗೆ ತಂದದ್ದೂ ಅದೇ ತಂತ್ರಾಂಶ. ಕತ್ತರಿಸದ ಮೂಲ ಬೇಕು ಎಂದು ಮೌಲಾನನ್ನು ಕೇಳಿದೆ, ಕೇಳಿ ಸುಮ್ಮನೆ ನಿಂತೆ. ಅವನು ನನ್ನ ಮುಖವನ್ನೇ ನೋಡಿದ. ಇವರಿಗೇನಾಯಿತು ಎಂದುಕೊಂಡಿರಬೇಕು.

"ಎಲ್ಲಾ ಇಟ್ಟೀನ್ರಿ ಮೇಡಂ," ಎಂದ. "ಮೊದಲ ವರ್ಷನ ಹೇಳಾಕ ಬಂದಿದ್ದೆ. ಖಾಲಿ ಜಾಗಾ ಕತ್ತರಿಸೂದಂದ್ರ, ಅಂದೆ. ಕತ್ತರಿಸು, ಅಂದ್ರಿ ನೀವು. ಕತ್ತರಿಸೂದಂದ್ರ ಅದು ಯಾಕೈತಿ ಅಂತ ಮೊದ್ಲ ನೋಡೂಣು, ಅನ್ನಾಂವ ಇದ್ದೆ."

ನನಗೆ ನಗುವೂ ಬಂತು, ಅಳುವೂ ಬಂತು. ಮೂಲವನ್ನು ತೆರೆದೆವು. ಇನ್ನೂರು ಗಂಡುಗಳಲ್ಲಿ ಹನ್ನೊಂದು ಬೇರೆ ತರಹ ಹಾಡಿದ್ದವು. ಮೂರು ನಡುಕ, ಆಮೇಲೆ ಒಂದೂವರೆ ಸೆಕೆಂಡು ಪೂರ್ತಿ ಮೌನ, ಆಮೇಲೆ ಆರು ನಡುಕ. ಈಗ ಮಚ್ಚೆಯಿಂದ ತಂದ ಗಂಡುಗಳು ಒಂದೂ ಬಿಡದೆ ಹಾಗೆಯೇ ಹಾಡುತ್ತಿದ್ದವು, ಹೆಣ್ಣು ಆ ಮೌನದಲ್ಲಿ ಉತ್ತರ ಕೊಡುತ್ತಿತ್ತು. ಕೇಳಿ, ನಿಂತು, ಕಾಯುವ ಗಂಡನ್ನು ಮಾತ್ರ ಒಪ್ಪುವ ಹೆಣ್ಣುಗಳು ಮೊದಲಿಂದಲೂ ನೂರಕ್ಕೆ ಐದಾರು ಇದ್ದವು. ಒಂದೇ ಉಸಿರಿಗೆ ಹಾಡುವ ನನ್ನ ಗೂಟ ಅವುಗಳಿಗೆ ಗಂಡಾಗಿ ಕಾಣಲೇ ಇಲ್ಲ. ಉಳಿದವೆಲ್ಲ ಗೂಟಕ್ಕೆ ಸೋತವು, ಇವು ಉಳಿದವು, ಇವುಗಳ ಗಂಡುಮಕ್ಕಳು ಕಾಯಲು ಕಲಿತೇ ಹುಟ್ಟಿದವು.

ಇನ್ನು ಕೆಲಸ ಸಲೀಸು. ಹಳೆಯ ಹಾಡೊಂದು, ಬಿಡುವಿನ ಹಾಡೊಂದು, ಸರದಿಯಲ್ಲಿ ಹಾಡುವಂತೆ ಗೂಟವನ್ನು ಸಂಜೆಯೊಳಗೆ ತಿದ್ದಿದೆವು. ಅಷ್ಟರಲ್ಲಿ ಮೌಲಾ ಇನ್ನೊಂದು ಮಾತು ಹೇಳಿದ, ನಾನು ಪೂರ್ತಿ ಕೇಳಿದೆ. ನಡುಗಿಸುವ ಬಿಲ್ಲೆಯನ್ನು ತಿರುಗಿಸಿ ಜೋಡಿಸಿದರೆ ಅದು ನಡುಕವನ್ನು ಗ್ರಹಿಸುತ್ತದೆ. ಬಿಡುವಿನ ಒಂದೂವರೆ ಸೆಕೆಂಡಿನಲ್ಲಿ ಗೂಟ ಕಿವಿಯಾಗಬಹುದು. ಜಿಗಿ ಮುಂದೆಯೂ ಸುಮ್ಮನಿರುವುದಿಲ್ಲ. ಇನ್ನೂ ಹೆಚ್ಚು ಕಾಯುವ ಕುಲವೋ, ಎರಡು ಸಲ ನಿಲ್ಲುವ ಕುಲವೋ ಬಂದೇ ಬರುತ್ತದೆ. ಬರಲಿ. ಗೂಟಕ್ಕೆ ಉತ್ತರ ನಿಂತ ದಿನವೇ ನಮಗೆ ತಿಳಿಯುತ್ತದೆ, ಹೊಸ ಹಾಡನ್ನು ಗದ್ದೆಯಿಂದಲೇ ಕೇಳಿ ಕಲಿಯುತ್ತೇವೆ. ಕೇಳುವ ಯಂತ್ರ ಹಿಂದೆ ಬೀಳುವುದಿಲ್ಲ. ಈ ಮಾತನ್ನು ನಾನು ಎದೆ ತಟ್ಟಿಯೇ ಹೇಳುತ್ತೇನೆ.

ಹತ್ತನೇ ದಿನದ ಸಭೆ ಗದ್ದೆಯ ಬದುವಿನ ಮೇಲೆ ನಡೆಯಿತು. ನಾನು ಭಾಷಣ ಮಾಡಲಿಲ್ಲ. ಹೀಗೆ ಕಿವಿಯಾಗಿಸಿದ ಒಂದು ಗೂಟಕ್ಕೆ ಧ್ವನಿವರ್ಧಕ ಕಟ್ಟಿ, ಮೊದಲು ಹಳೆಯ ಹಾಡು ಹಾಕಿಸಿದೆ. ಗುಂಯ್ ಎಂದು ಹಾಡಿ ಮುಗಿಸಿತು, ಎರಡು ಮೂರು ಬುಡದಿಂದ ಕ್ಷೀಣವಾಗಿ ಏನೋ ಕೇಳಿಸಿತು. ಆಮೇಲೆ ಹೊಸದು. ಮೂರು ನಡುಕ, ಮೌನ. ಆ ಮೌನದೊಳಗೆ, ಸುತ್ತಲಿನ ಬುಡಬುಡದಿಂದಲೂ, ಗುಡುಗುಡು ಎಂದು ಉತ್ತರ ಬಂತು. ಪಂಪಾಪತಿಯವರು ತಲೆಯ ಟವೆಲ್ ತೆಗೆದು ಬಗ್ಗಿ ಕೇಳಿದರು. "ಓ ಅನ್ನಾಕತ್ತಾವ," ಎಂದಳು ಹುಲಿಗೆವ್ವ. ಇನ್ನೊಂದು ಸಲ ಹಾಕಿ ಎಂದು ಹಿಂದಿನಿಂದ ಯಾರೋ ಕೇಳಿದರು, ಹಾಕಿದೆವು.

ಬೆಳೆದ ಮಚ್ಚೆ ವಾಸಿಯಾಗುವುದಿಲ್ಲ, ಹೊಸ ಮರಿಗಳು ಹುಟ್ಟುವುದು ನಿಲ್ಲುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಂಪಾಪತಿಯವರು ಯೋಚಿಸಿ ಒಂದು ಷರತ್ತು ಹಾಕಿದರು. ಮೂರು ದಿನದೊಳಗೆ ಸಾವಿರದ ನೂರು ಗೂಟಗಳನ್ನೂ ಕಿತ್ತು ತಿದ್ದಿ ಮತ್ತೆ ನೆಡಬೇಕು, ಆಗದಿದ್ದರೆ ಔಷಧಿ. ಮೂರು ದಿನದಲ್ಲಿ ಅದನ್ನು ಮಾಡಿಸಬಲ್ಲವನು ಒಬ್ಬನೇ ಎಂದು ಎಲ್ಲರಿಗೂ ಗೊತ್ತಿತ್ತು. ಹುಲಿಗೆವ್ವನ ಗುಂಪಿನ ಜೊತೆ ನಾಳೆ ಬರ್ತೀಯೇನಪ್ಪ ಎಂದು ಅವರು ಯಂಕೋಬನನ್ನು ಕೇಳಿದರು. ಬರ್ತಾನೆ, ಬರದೆ ಏನು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಯಂಕೋಬ ಗೂಟವನ್ನು ನೋಡಿದ, ಹೆಂಡತಿಯನ್ನು ನೋಡಿದ, ಏನೂ ಹೇಳದೆ ಎದ್ದು ಮನೆಯ ಕಡೆ ನಡೆದ. ಎರಡು ವರ್ಷ ನಂಬಿ, ಕಣ್ಣೆದುರೇ ಸೋತ ಗೂಟ. ಅವನು ಮತ್ತೆ ನಂಬಬೇಕೆಂದು ಕೇಳುವ ಮುಖ ನನಗಿರಲಿಲ್ಲ.

ಮರುದಿನ ಬೆಳಕು ಹರಿಯುವಾಗ ಹುಲಿಗೆವ್ವ ನನ್ನ ಬಾಗಿಲು ಬಡಿದು, ಇವತ್ತು ನೀವೇ ಕೂಗಿ ಎಂದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ಅವಳ ಮುಖ ಹಾಗಿರಲಿಲ್ಲ. ಯಂಕೋಬ ಎಲ್ಲಿ ಎಂದು ಕೇಳಿದರೆ ನಸುಕಿನಲ್ಲೇ ಎದ್ದು ಹೋದರು, ಎಲ್ಲಿಗೆಂದು ಹೇಳಲಿಲ್ಲ ಎಂದಳು. ಅಂಗಳದಲ್ಲಿ ಪಂಪೂ ಇರಲಿಲ್ಲ.

ಓಣಿಯ ಬಾಯಲ್ಲಿ ನಿಂತೆ. "ಏ ಯವ್ವಾ," ಎಂದು ಕೂಗಿ ಸುಮ್ಮನಾದೆ. ಒಂದು ಓ ಬಂತು. ಎರಡು, ಮೂರು. ನಿದ್ದೆಗಣ್ಣಿನದೊಂದು, ಬಾಯಲ್ಲಿ ಹಲ್ಲುಪುಡಿ ತುಂಬಿಕೊಂಡದ್ದೊಂದು. ಹದಿಮೂರು, ಹದಿನಾಲ್ಕು. ಲೆಕ್ಕ ಮುಗಿಯಿತೆಂದು ಟಂಟಂನವನು ಗಾಡಿ ಚಾಲೂ ಮಾಡಲು ಕೈ ಹಾಕಿದ. ತಡಿ ಎಂದು ಕೈ ತೋರಿಸಿ ನಾನು ಇನ್ನೂ ನಿಂತೆ. ಹೆಂಗಸರು ಬಂದು ಗಾಡಿ ಹತ್ತಿ ಕೂತರು. ಹುಲಿಗೆವ್ವ ಸೆರಗು ಬಿಗಿಹಿಡಿದು ನನ್ನ ಪಕ್ಕದಲ್ಲಿ ನಿಂತಿದ್ದಳು. ಎಷ್ಟು ಹೊತ್ತೋ ತಿಳಿಯದು, ನಾನು ಕಾದೆ.

ಓಣಿಯ ಆಚೆ ತುದಿಯ ಗುಜರಿ ಅಂಗಡಿಯ ಕಡೆಯಿಂದ ಯಂಕೋಬ ಪಂಪಿಲ್ಲದ ಬರಿ ಬೆನ್ನಲ್ಲಿ, ಬರಿಗೈಯಲ್ಲಿ ನಡೆದು ಬರುತ್ತಿದ್ದ. ನಮ್ಮನ್ನು ಕಂಡು ನಿಂತ. ಆಮೇಲೆ ಅಲ್ಲಿಂದಲೇ, ಒರಟಾದ ಗಂಡು ದನಿಯಲ್ಲಿ, ಹದಿನೈದನೆಯದಾಗಿ ಓಗೊಟ್ಟ.

"ಓ."